ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ: ಔಷಧ ನಿರೋಧಕತೆ ಮತ್ತು ದೇಹರಕ್ಷಣೆಯನ್ನು ಎದುರಿಸುವಿಕೆಯ ಆನುವಂಶಿಕ ಆಧಾರ

ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಎಂಬುದು ಎಂಟರೋಬ್ಯಾಕ್ಟೀರಿಯೇಸಿ ಕುಟುಂಬಕ್ಕೆ ಸೇರಿದ, ದಂಡಾಕಾರದ, ಚಲನಶಕ್ತಿಯಿಲ್ಲದ ಗ್ರಾಂ-ಋಣಾತ್ಮಕ ಬ್ಯಾಕ್ಟೀರಿಯಾ. ಮಣ್ಣು, ನೀರು, ಸಸ್ಯಗಳ ಮೇಲ್ಮೈ ಹಾಗೂ ಮನುಷ್ಯ ಮತ್ತು ಪ್ರಾಣಿಗಳ ಕರುಳಿನಲ್ಲಿ ಇದು ಸಾಮಾನ್ಯವಾಗಿ ಕಂಡುಬರುತ್ತದೆ. ಆರೋಗ್ಯವಂತರ ಕರುಳಿನಲ್ಲಿ ತೊಂದರೆ ಕೊಡದೆ ಇರುವ ಈ ಜೀವಿ, ಆಸ್ಪತ್ರೆಯಲ್ಲಿರುವ ರೋಗಿಗಳು, ನವಜಾತ ಶಿಶುಗಳು ಮತ್ತು ಮಧುಮೇಹಿಗಳಲ್ಲಿ ನ್ಯುಮೋನಿಯಾ, ಮೂತ್ರನಾಳದ ಸೋಂಕು, ರಕ್ತದ ಸೋಂಕು ಹಾಗೂ ಯಕೃತ್ತಿನ ಬಾವುಗಳನ್ನು ಉಂಟುಮಾಡಬಲ್ಲದು. ಕಾರ್ಬಪೆನೆಮ್ ಗುಂಪಿನ ಔಷಧಗಳಿಗೆ ಬಗ್ಗದ ಇದರ ತಳಿಗಳನ್ನು ವಿಶ್ವ ಆರೋಗ್ಯ ಸಂಸ್ಥೆಯು 2024ರ ಆದ್ಯತಾ ಪಟ್ಟಿಯ ಮೊದಲ ಸ್ಥಾನದಲ್ಲಿ ಇರಿಸಿದೆ.

ಈ ಬ್ಯಾಕ್ಟೀರಿಯಾ ಎರಡು ಬೇರೆಬೇರೆ ದಾಳಿಗಳನ್ನು ಎದುರಿಸಿ ಬದುಕಬೇಕಾಗುತ್ತದೆ. ಒಂದು ವೈದ್ಯರು ಕೊಡುವ ಪ್ರತಿಜೈವಿಕಗಳದ್ದು (ಆಂಟಿಬಯಾಟಿಕ್‌ಗಳು), ಇನ್ನೊಂದು ದೇಹದ ರೋಗನಿರೋಧಕ ವ್ಯವಸ್ಥೆಯದ್ದು. ಕನ್ನಡದಲ್ಲಿ 'ನಿರೋಧಕ' ಎಂಬ ಪದವನ್ನು ಎರಡೂ ಕಡೆ ಬಳಸುವುದರಿಂದ ಗೊಂದಲವಾಗುವುದುಂಟು. 'ಔಷಧ ನಿರೋಧಕತೆ' ಬ್ಯಾಕ್ಟೀರಿಯಾದ ಗುಣ, 'ರೋಗನಿರೋಧಕ ಶಕ್ತಿ' ದೇಹದ ಗುಣ. ಈ ಎರಡು ದಾಳಿಗಳನ್ನು ತಡೆಯುವ ವಂಶವಾಹಿಗಳು (ಜೀನ್‌ಗಳು) ಪರಸ್ಪರ ಸಂಬಂಧವಿಲ್ಲದವು ಎಂದು ಬಹುಕಾಲ ಭಾವಿಸಲಾಗಿತ್ತು. ಕೆಲವು ವಂಶವಾಹಿಗಳು ಎರಡೂ ಕೆಲಸಗಳನ್ನು ಒಟ್ಟಿಗೆ ಮಾಡುತ್ತವೆ ಎಂಬುದು ಈಗ ತಿಳಿದುಬಂದಿದೆ.

ಹಿನ್ನೆಲೆ

ನ್ಯುಮೋನಿಯಾದಿಂದ ಮೃತಪಟ್ಟವರ ಶ್ವಾಸಕೋಶಗಳಲ್ಲಿ ಈ ಬ್ಯಾಕ್ಟೀರಿಯಾವನ್ನು 1882ರಲ್ಲಿ ಕಾರ್ಲ್ ಫ್ರೀಡ್‌ಲೆಂಡರ್ ವಿವರಿಸಿದರು. ಆದ್ದರಿಂದ ಇದನ್ನು ಬಹುಕಾಲ 'ಫ್ರೀಡ್‌ಲೆಂಡರ್ ದಂಡಾಣು' ಎಂದೇ ಕರೆಯಲಾಗುತ್ತಿತ್ತು. ಕುಲನಾಮವು ಸೂಕ್ಷ್ಮಜೀವಿ ವಿಜ್ಞಾನಿ ಎಡ್ವಿನ್ ಕ್ಲೆಬ್ಸ್ ಅವರ ಸ್ಮರಣಾರ್ಥ ಬಂದದ್ದು.

ಇದರ ಜೀನೋಮ್ ಸುಮಾರು 55 ಲಕ್ಷ ಬೇಸ್ ಜೋಡಿಗಳಷ್ಟಿದ್ದು, 5,000ಕ್ಕೂ ಹೆಚ್ಚು ವಂಶವಾಹಿಗಳನ್ನು ಒಳಗೊಂಡಿರುತ್ತದೆ. ಆದರೆ ಎಲ್ಲ ತಳಿಗಳಲ್ಲೂ ಸಾಮಾನ್ಯವಾಗಿರುವ ವಂಶವಾಹಿಗಳು ಸುಮಾರು 2,000 ಮಾತ್ರ. ಉಳಿದವು ತಳಿಯಿಂದ ತಳಿಗೆ ಬದಲಾಗುತ್ತವೆ. ಎರಡು ತಳಿಗಳು ಹೆಸರಿನಲ್ಲಿ ಒಂದೇ ಪ್ರಭೇದವಾದರೂ ಅವುಗಳ ವಂಶವಾಹಿಗಳಲ್ಲಿ ಅರ್ಧಕ್ಕಿಂತ ಕಡಿಮೆಯಷ್ಟೇ ಎಲ್ಲ ಬಂಧುಗಳೊಂದಿಗೆ ಹಂಚಿಕೊಂಡ ಆಸ್ತಿ. ಹೆಚ್ಚುವರಿ ವಂಶವಾಹಿಗಳಲ್ಲಿ ಬಹಳಷ್ಟು ಪ್ಲಾಸ್ಮಿಡ್‌ಗಳ ಮೇಲೆ, ಅಂದರೆ ವರ್ಣತಂತುವಿನಿಂದ ಪ್ರತ್ಯೇಕವಾಗಿದ್ದು ಒಂದು ಕೋಶದಿಂದ ಇನ್ನೊಂದಕ್ಕೆ ದಾಟಬಲ್ಲ ಡಿಎನ್ಎ ಉಂಗುರಗಳ ಮೇಲೆ ಇರುತ್ತವೆ. ಈ ಜೀವಿಯು ಹೊಸ ಗುಣಗಳನ್ನು ಬೇಗನೆ ಪಡೆದುಕೊಳ್ಳುವುದಕ್ಕೆ ಇದೇ ಮುಖ್ಯ ಕಾರಣ.

ಕೋಶಕವಚ

ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆದ ಕ್ಲೆಬ್ಸಿಯೆಲ್ಲಾ ಸಮೂಹಗಳು ಲೋಳೆಯಂತೆ ಹೊಳೆಯುತ್ತವೆ. ಇದಕ್ಕೆ ಕಾರಣ ಪ್ರತಿ ಕೋಶವನ್ನೂ ಸುತ್ತುವರಿದಿರುವ ಸಕ್ಕರೆ ಸರಪಳಿಗಳ ದಪ್ಪ ಕವಚ. ಕವಚವನ್ನು ತಯಾರಿಸುವ ವಂಶವಾಹಿಗಳು ವರ್ಣತಂತುವಿನ ಒಂದೇ ಪ್ರದೇಶದಲ್ಲಿ ಸಾಲಾಗಿ ಇವೆ. ಈ ಪ್ರದೇಶದ ಹೆಸರು ಸಿಪಿಎಸ್. ಇಲ್ಲಿನ ಡಬ್ಲ್ಯುಝಡ್ಎ, ಡಬ್ಲ್ಯುಝಡ್‌ಬಿ, ಡಬ್ಲ್ಯುಝಡ್‌ಸಿ ಮುಂತಾದ ವಂಶವಾಹಿಗಳು ಸರಪಳಿಯನ್ನು ಜೋಡಿಸಿ ಹೊರಕ್ಕೆ ಸಾಗಿಸುವ ಯಂತ್ರವನ್ನು ರೂಪಿಸುತ್ತವೆ. ಮಧ್ಯಭಾಗದ ವಂಶವಾಹಿಗಳು ಯಾವ ಸಕ್ಕರೆಗಳು ಯಾವ ಕ್ರಮದಲ್ಲಿ ಜೋಡಣೆಯಾಗಬೇಕೆಂದು ನಿರ್ಧರಿಸುತ್ತವೆ. ಸೀರಮ್ ಪರೀಕ್ಷೆಗಳ ಮೂಲಕ 70ಕ್ಕೂ ಹೆಚ್ಚು ಕವಚ ಮಾದರಿಗಳನ್ನು ಗುರುತಿಸಲಾಗಿತ್ತು. ಜೀನೋಮ್ ಅಧ್ಯಯನಗಳ ನಂತರ ಈ ಸಂಖ್ಯೆ 130ನ್ನು ದಾಟಿದೆ.

ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ಪೂರಕ ಪ್ರೋಟೀನುಗಳು ಬ್ಯಾಕ್ಟೀರಿಯಾದ ಮೇಲ್ಮೈಗೆ ಅಂಟಿಕೊಂಡು ಎರಡು ಕೆಲಸ ಮಾಡುತ್ತವೆ. ಅವು ಬಿಳಿ ರಕ್ತಕಣಗಳಿಗೆ 'ಇದನ್ನು ನುಂಗು' ಎಂಬ ಗುರುತು ಹಚ್ಚುತ್ತವೆ. ಜೊತೆಗೆ ಹೊರಪೊರೆಯಲ್ಲಿ ರಂಧ್ರ ಕೊರೆದು ಕೋಶವನ್ನು ನೇರವಾಗಿಯೂ ಕೊಲ್ಲಬಲ್ಲವು. ದಪ್ಪ ಕವಚವಿರುವಾಗ ಈ ಪ್ರೋಟೀನುಗಳು ಹೊರಪೊರೆಯನ್ನು ತಲುಪುವುದು ಕಷ್ಟ. ಕವಚದ ವಂಶವಾಹಿಗಳನ್ನು ತೆಗೆದುಹಾಕಿದ ತಳಿಗಳು ಇಲಿಗಳಲ್ಲಿ ರೋಗ ಉಂಟುಮಾಡುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತವೆ.

ಎಲ್ಲ ಕವಚಗಳೂ ಸಮಾನ ರಕ್ಷಣೆ ನೀಡುವುದಿಲ್ಲ. ರಕ್ತದಲ್ಲಿ ಸಂಚರಿಸುವ ಬ್ಯಾಕ್ಟೀರಿಯಾಗಳನ್ನು ಹಿಡಿದುಹಾಕುವ ಮುಖ್ಯ ಕೆಲಸ ಯಕೃತ್ತಿನ ಕುಫರ್ ಕೋಶಗಳದ್ದು. ಇಲಿಗಳ ಮೇಲಿನ ಅಧ್ಯಯನಗಳಲ್ಲಿ ಈ ಕೋಶಗಳು ಹಲವು ಕವಚ ಮಾದರಿಗಳನ್ನು ಹಿಡಿಯಬಲ್ಲವಾದರೂ ಕೆ1 ಮತ್ತು ಕೆ2 ಮಾದರಿಗಳು ಅವುಗಳ ಕೈಗೆ ಸಿಗುವುದಿಲ್ಲ ಎಂದು ಕಂಡುಬಂದಿದೆ. ತೀವ್ರ ರೋಗಕಾರಕ ತಳಿಗಳಲ್ಲಿ ಹೆಚ್ಚಿನವು ಈ ಎರಡು ಮಾದರಿಗಳವೇ ಆಗಿವೆ.

ಕವಚದ ಉತ್ಪಾದನೆಯನ್ನು ಹೆಚ್ಚಿಸುವ ಸ್ವಿಚ್‌ಗಳೂ ಇವೆ. ತೀವ್ರ ರೋಗಕಾರಕ ತಳಿಗಳ ದೊಡ್ಡ ಪ್ಲಾಸ್ಮಿಡ್ ಮೇಲಿರುವ ಆರ್‌ಎಂಪಿಎ ವಂಶವಾಹಿ ಅಂಥದ್ದು. ಇಂಥ ತಳಿಯ ಸಮೂಹವನ್ನು ಸೂಜಿಯ ಕುಣಿಕೆಯಿಂದ ಮುಟ್ಟಿ ಮೇಲೆತ್ತಿದರೆ 5 ಮಿಲಿಮೀಟರಿಗಿಂತ ಉದ್ದನೆಯ ಲೋಳೆಯ ಎಳೆ ಬರುತ್ತದೆ. ಈ ಅತಿ ಅಂಟುತನ ಕವಚದ ದಪ್ಪದಿಂದಲೇ ಬರುತ್ತದೆ ಎಂದು ದೀರ್ಘಕಾಲ ನಂಬಲಾಗಿತ್ತು. ಆದರೆ ಪಕ್ಕದಲ್ಲೇ ಇರುವ ಆರ್‌ಎಂಪಿಡಿ ಎಂಬ ಪುಟ್ಟ ವಂಶವಾಹಿ ಅಂಟುತನಕ್ಕೂ, ಆರ್‌ಎಂಪಿಸಿ ಎಂಬುದು ಕವಚದ ಪ್ರಮಾಣಕ್ಕೂ ಮುಖ್ಯವಾಗಿ ಕಾರಣವೆಂದು ನಂತರದ ಸಂಶೋಧನೆಗಳು ತೋರಿಸಿದವು.

ಹೊರಪೊರೆ ಮತ್ತು ಕಾಂಪ್ಲಿಮೆಂಟ್

ಕವಚದ ಕೆಳಗಿನ ಹೊರಪೊರೆಯಲ್ಲಿ ಲಿಪೋಪಾಲಿಸ್ಯಾಕರೈಡ್ ಎಂಬ ಅಣುಗಳಿವೆ. ಇವುಗಳ ಬುಡದಲ್ಲಿ ಲಿಪಿಡ್ ಎ ಎಂಬ ಕೊಬ್ಬಿನ ಭಾಗವೂ, ತುದಿಯಲ್ಲಿ ಒ-ಆಂಟಿಜನ್ ಎಂಬ ಸಕ್ಕರೆ ಸರಪಳಿಯೂ ಇರುತ್ತವೆ. ಒ-ಆಂಟಿಜನ್ ಉದ್ದವಾಗಿದ್ದರೆ ಕಾಂಪ್ಲಿಮೆಂಟ್ ಪ್ರೋಟೀನುಗಳು ಅದರ ತುದಿಗೆ ಅಂಟಿಕೊಂಡು, ಪೊರೆಯಿಂದ ದೂರದಲ್ಲೇ ತಮ್ಮ ಶಕ್ತಿಯನ್ನು ವ್ಯಯಿಸುತ್ತವೆ. ರಂಧ್ರ ಕೊರೆಯುವ ಸಂಕೀರ್ಣ ರೂಪುಗೊಂಡರೂ ಅದು ಪೊರೆಯೊಳಗೆ ಇಳಿಯುವುದಿಲ್ಲ.

ಯಾವ ವಂಶವಾಹಿಗಳು ಈ ರಕ್ಷಣೆಗೆ ಅಗತ್ಯವೆಂದು ತಿಳಿಯಲು ಟ್ರಾನ್ಸ್‌ಪೋಸಾನ್ ವಿಧಾನವನ್ನು ಬಳಸಲಾಗುತ್ತದೆ. ಲಕ್ಷಾಂತರ ಕೋಶಗಳಲ್ಲಿ, ಪ್ರತಿಯೊಂದರಲ್ಲೂ ಬೇರೆಬೇರೆ ವಂಶವಾಹಿಯೊಳಗೆ ಒಂದು ಡಿಎನ್ಎ ತುಂಡನ್ನು ಸೇರಿಸಿ ಆ ವಂಶವಾಹಿಯನ್ನು ಕೆಡಿಸಲಾಗುತ್ತದೆ. ನಂತರ ಎಲ್ಲವನ್ನೂ ಒಟ್ಟಿಗೆ ಮಾನವ ಸೀರಮ್‌ನಲ್ಲಿ ಇಟ್ಟು, ಉಳಿದವುಗಳ ಡಿಎನ್ಎ ಓದಿದರೆ, ಯಾವ ವಂಶವಾಹಿ ಕೆಟ್ಟ ಕೋಶಗಳು ಕಾಣೆಯಾಗಿವೆ ಎಂಬುದು ಗೊತ್ತಾಗುತ್ತದೆ. ನಾಲ್ಕು ಭಿನ್ನ ತಳಿಗಳನ್ನು ಹೀಗೆ ಪರೀಕ್ಷಿಸಿದಾಗ, ಕಾಂಪ್ಲಿಮೆಂಟ್‌ನಿಂದ ಪಾರಾಗಲು ಪ್ರತಿ ತಳಿಯೂ ಬಹುಮಟ್ಟಿಗೆ ತನ್ನದೇ ದಾರಿ ಹಿಡಿದಿರುವುದು ಕಂಡುಬಂತು. ಎಲ್ಲ ತಳಿಗಳಲ್ಲೂ ಪಾತ್ರವಹಿಸಿದವು ಎಲ್‌ಪಿಪಿ, ಎಆರ್‌ಎನ್‌ಡಿ ಮತ್ತು ಆರ್‌ಎಫ್ಎಎಚ್‌ನಂಥ ಕೆಲವೇ ವಂಶವಾಹಿಗಳು. ಇಲಿಗಳ ಶ್ವಾಸಕೋಶದಲ್ಲಿ ನಡೆಸಿದ ಇಂಥದ್ದೇ ಪ್ರಯೋಗದಲ್ಲಿ ಆರ್‌ಎಫ್ಎಎಚ್ ಜೊತೆಗೆ ಕೆಲವು ಅಮೈನೋ ಆಮ್ಲಗಳನ್ನು ತಯಾರಿಸುವ ವಂಶವಾಹಿಗಳೂ ಬದುಕುಳಿಯಲು ಅಗತ್ಯವೆಂದು ಕಂಡುಬಂತು. ಶ್ವಾಸಕೋಶದಲ್ಲಿ ಆಹಾರ ಹೊಂದಿಸಿಕೊಳ್ಳುವುದೂ ಉಳಿವಿನ ಭಾಗವೇ ಆಗಿದೆ.

ಕಬ್ಬಿಣಕ್ಕಾಗಿ ಪೈಪೋಟಿ

ಬ್ಯಾಕ್ಟೀರಿಯಾ ಬೆಳೆಯಲು ಕಬ್ಬಿಣ ಬೇಕು. ದೇಹವು ಕಬ್ಬಿಣವನ್ನು ಪ್ರೋಟೀನುಗಳಲ್ಲಿ ಬಂಧಿಸಿ ಬಚ್ಚಿಡುತ್ತದೆ. ಕ್ಲೆಬ್ಸಿಯೆಲ್ಲಾ ಎಂಟರೋಬ್ಯಾಕ್ಟಿನ್ ಎಂಬ ಅಣುವನ್ನು ಹೊರಬಿಟ್ಟು ಅದನ್ನು ಕಿತ್ತುಕೊಳ್ಳುತ್ತದೆ. ಇದಕ್ಕೆ ಪ್ರತಿಯಾಗಿ ದೇಹವು ಲಿಪೋಕ್ಯಾಲಿನ್-2 ಎಂಬ ಪ್ರೋಟೀನಿನಿಂದ ಎಂಟರೋಬ್ಯಾಕ್ಟಿನ್ ಅನ್ನೇ ಹಿಡಿದುಹಾಕುತ್ತದೆ. ಆಗ ಕೆಲವು ತಳಿಗಳು ಲಿಪೋಕ್ಯಾಲಿನ್ ಹಿಡಿಯಲಾರದ ಬೇರೆ ಅಣುಗಳನ್ನು ಬಳಸುತ್ತವೆ. ಸಾಲ್ಮೊಕೆಲಿನ್ ಎಂಬುದು ಸಕ್ಕರೆ ಸೇರಿಸಿ ವೇಷ ಬದಲಿಸಿದ ಎಂಟರೋಬ್ಯಾಕ್ಟಿನ್. ಯೆರ್ಸಿನಿಯಾಬ್ಯಾಕ್ಟಿನ್ ಮತ್ತು ಏರೋಬ್ಯಾಕ್ಟಿನ್ ಬೇರೆಯೇ ರಚನೆಯವು. ಯೆರ್ಸಿನಿಯಾಬ್ಯಾಕ್ಟಿನ್ ವಂಶವಾಹಿಗಳು ವರ್ಣತಂತುವಿನಿಂದ ಕಿತ್ತುಬಂದು ಬೇರೆ ಕೋಶಕ್ಕೆ ದಾಟಬಲ್ಲ ತುಣುಕಿನ ಮೇಲಿರುತ್ತವೆ. ಏರೋಬ್ಯಾಕ್ಟಿನ್ ಮತ್ತು ಸಾಲ್ಮೊಕೆಲಿನ್ ವಂಶವಾಹಿಗಳು ಸಾಮಾನ್ಯವಾಗಿ ಆರ್‌ಎಂಪಿಎ ಇರುವ ಪ್ಲಾಸ್ಮಿಡ್ ಮೇಲೆಯೇ ಇರುತ್ತವೆ.

ಔಷಧಗಳನ್ನು ಒಡೆಯುವ ಕಿಣ್ವಗಳು

ಈ ಪ್ರಭೇದದ ಬಹುತೇಕ ಎಲ್ಲ ತಳಿಗಳ ವರ್ಣತಂತುವಿನಲ್ಲೂ ಎಸ್ಎಚ್‌ವಿ ಎಂಬ ಬೀಟಾ-ಲ್ಯಾಕ್ಟಮೇಸ್ ಕಿಣ್ವದ ವಂಶವಾಹಿ ಇದೆ. ಆದ್ದರಿಂದ ಆಂಪಿಸಿಲಿನ್ ಇದರ ಮೇಲೆ ಸ್ವಭಾವತಃ ಕೆಲಸ ಮಾಡುವುದಿಲ್ಲ. ಸಿಟಿಎಕ್ಸ್-ಎಂ-15 ಎಂಬ ಕಿಣ್ವ ಪ್ಲಾಸ್ಮಿಡ್ ಮೂಲಕ ಬಂದ ಮೇಲೆ ಮೂರನೆಯ ತಲೆಮಾರಿನ ಸೆಫಲೋಸ್ಪೊರಿನ್‌ಗಳೂ ವ್ಯರ್ಥವಾದವು. ಆಗ ವೈದ್ಯರು ಮೆರೊಪೆನೆಮ್, ಇಮಿಪೆನೆಮ್ ಮುಂತಾದ ಕಾರ್ಬಪೆನೆಮ್‌ಗಳನ್ನು ಅವಲಂಬಿಸಬೇಕಾಯಿತು.

ಕಾರ್ಬಪೆನೆಮ್‌ಗಳನ್ನು ಒಡೆಯುವ ಕಿಣ್ವಗಳಲ್ಲಿ ಮೂರು ಮುಖ್ಯವಾದವು. ಅಮೆರಿಕದ ಉತ್ತರ ಕೆರೊಲಿನಾದಲ್ಲಿ 1996ರಲ್ಲಿ ಸಂಗ್ರಹಿಸಿದ ಮಾದರಿಯಲ್ಲಿ ಕೆಪಿಸಿ ಮೊದಲು ಪತ್ತೆಯಾಯಿತು. ಓಎಕ್ಸ್ಎ-48 ಟರ್ಕಿಯಲ್ಲಿ ಕಂಡುಬಂತು. ಎನ್‌ಡಿಎಂ-1 ಅನ್ನು ನವದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಮರಳಿದ ರೋಗಿಯೊಬ್ಬರ ಕ್ಲೆಬ್ಸಿಯೆಲ್ಲಾ ಮಾದರಿಯಲ್ಲಿ ಗುರುತಿಸಿ 2009ರಲ್ಲಿ ವರದಿ ಮಾಡಲಾಯಿತು. ಕಿಣ್ವಕ್ಕೆ ನವದೆಹಲಿಯ ಹೆಸರಿಟ್ಟದ್ದು 2010ರಲ್ಲಿ ಭಾರತದಲ್ಲಿ ತೀವ್ರ ಆಕ್ಷೇಪಕ್ಕೆ ಗುರಿಯಾಯಿತು. ಹೆಸರಿನ ವಿವಾದವೇನೇ ಇರಲಿ, ಈ ವಂಶವಾಹಿ ಭಾರತದ ಆಸ್ಪತ್ರೆಗಳಲ್ಲಿ ವ್ಯಾಪಕವಾಗಿ ಹರಡಿರುವುದು ನಿಜ.

ಎನ್‌ಡಿಎಂ-1ರ ಕಥೆಯಲ್ಲಿ ದೇಹರಕ್ಷಣೆಯ ಎಳೆಯೊಂದಿದೆ. ಈ ಕಿಣ್ವ ಕೆಲಸ ಮಾಡಲು ಸತುವಿನ ಅಯಾನುಗಳು ಬೇಕು. ಸೋಂಕಾದ ಜಾಗಕ್ಕೆ ಧಾವಿಸುವ ನ್ಯೂಟ್ರೊಫಿಲ್‌ಗಳು ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನಿನಿಂದ ಅಲ್ಲಿನ ಸತುವನ್ನು ಹೀರಿಕೊಳ್ಳುತ್ತವೆ. ಸತು ಸಿಗದಿದ್ದರೆ ಈ ಬಗೆಯ ಇತರ ಕಿಣ್ವಗಳು ಬೇಗನೆ ಕೆಡುತ್ತವೆ. ಆದರೆ ಎನ್‌ಡಿಎಂ-1 ಒಂದು ಕೊಬ್ಬಿನ ಕೊಂಡಿಯಿಂದ ಹೊರಪೊರೆಗೆ ಅಂಟಿಕೊಂಡಿರುವುದರಿಂದ ಹೆಚ್ಚು ಸ್ಥಿರವಾಗಿರುತ್ತದೆ. ಇದರ ನಂತರದ ಕೆಲವು ರೂಪಾಂತರಗಳು ಸತುವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಹೀಗೆ ಔಷಧವಷ್ಟೇ ಅಲ್ಲದೆ ದೇಹದ ಒತ್ತಡವೂ ಈ ಕಿಣ್ವದ ವಿಕಾಸವನ್ನು ರೂಪಿಸಿದಂತೆ ತೋರುತ್ತದೆ.

ಬಾಗಿಲುಗಳು ಮತ್ತು ಪಂಪುಗಳು

ಬೀಟಾ-ಲ್ಯಾಕ್ಟಮ್ ಔಷಧಗಳು ಹೊರಪೊರೆಯಲ್ಲಿರುವ ಓಎಂಪಿಕೆ35 ಮತ್ತು ಓಎಂಪಿಕೆ36 ಎಂಬ ನಾಳಗಳ ಮೂಲಕ ಒಳಬರುತ್ತವೆ. ಇವು ಇಲ್ಲವಾದರೆ ಔಷಧ ಒಳಬರುವುದು ತಗ್ಗುತ್ತದೆ, ಆದರೆ ಆಹಾರವೂ ಒಳಬರುವುದಿಲ್ಲ. ಎರಡೂ ನಾಳಗಳನ್ನು ಕಳೆದುಕೊಂಡ ತಳಿಗಳು ಇಲಿಗಳಲ್ಲಿ ದುರ್ಬಲವಾಗಿರುತ್ತವೆ. ಜಗತ್ತಿನಾದ್ಯಂತ ಹರಡಿರುವ ಎಸ್‌ಟಿ258 ವಂಶದ ಹಲವು ತಳಿಗಳು ಇದಕ್ಕೆ ಜಾಣತನದ ಪರಿಹಾರ ಕಂಡುಕೊಂಡಿವೆ. ಓಎಂಪಿಕೆ36ರ ಒಳಗಿನ ಒಂದು ಮಡಿಕೆಯಲ್ಲಿ ಎರಡೇ ಎರಡು ಅಮೈನೋ ಆಮ್ಲಗಳು ಹೆಚ್ಚುವರಿಯಾಗಿ ಸೇರಿ ನಾಳವನ್ನು ಕಿರಿದಾಗಿಸುತ್ತವೆ. ಸಣ್ಣ ಪೋಷಕಾಂಶಗಳು ನುಸುಳಬಲ್ಲವು, ದೊಡ್ಡ ಕಾರ್ಬಪೆನೆಮ್ ಅಣುಗಳಿಗೆ ಕಷ್ಟವಾಗುತ್ತದೆ.

ಒಳಬಂದ ಔಷಧವನ್ನು ಹೊರದೂಡುವ ಎಸಿಆರ್‌ಎಬಿ ಪಂಪು ದೇಹವೇ ಸ್ರವಿಸುವ ಸೂಕ್ಷ್ಮಜೀವಿನಾಶಕ ಪೆಪ್ಟೈಡ್‌ಗಳ ವಿರುದ್ಧವೂ ನೆರವಾಗುತ್ತದೆ. ಪಂಪನ್ನು ಹೆಚ್ಚಿಸುವ ಆರ್ಎಎಂಎ ಎಂಬ ನಿಯಂತ್ರಕ ವಂಶವಾಹಿ ಲಿಪಿಡ್ ಎ ರಚನೆಯನ್ನೂ ಬದಲಿಸುತ್ತದೆ.

ಎಂಜಿಆರ್‌ಬಿ: ಒಂದು ವಂಶವಾಹಿ, ಎರಡು ರಕ್ಷಣೆಗಳು

ಕಾರ್ಬಪೆನೆಮ್‌ಗಳೂ ಸೋತಾಗ ವೈದ್ಯರು ಕೊಲಿಸ್ಟಿನ್ ಎಂಬ ಹಳೆಯ ಔಷಧಕ್ಕೆ ಮರಳಿದರು. ಮೂತ್ರಪಿಂಡಗಳಿಗೆ ಹಾನಿಕರವೆಂದು ಅದನ್ನು ಬದಿಗಿಡಲಾಗಿತ್ತು. ಧನಾತ್ಮಕ ವಿದ್ಯುದಂಶವಿರುವ ಕೊಲಿಸ್ಟಿನ್, ಋಣಾತ್ಮಕ ವಿದ್ಯುದಂಶವಿರುವ ಲಿಪಿಡ್ ಎ ಭಾಗಕ್ಕೆ ಅಂಟಿಕೊಂಡು ಪೊರೆಯನ್ನು ಹರಿಯುತ್ತದೆ. ನಮ್ಮ ಬಿಳಿ ರಕ್ತಕಣಗಳು ಮತ್ತು ಶ್ವಾಸಕೋಶದ ಒಳಪದರ ಸ್ರವಿಸುವ ಅನೇಕ ಪೆಪ್ಟೈಡ್‌ಗಳೂ ಧನಾತ್ಮಕ ವಿದ್ಯುದಂಶದವೇ, ಅವು ಕೆಲಸ ಮಾಡುವ ರೀತಿಯೂ ಹೆಚ್ಚುಕಡಿಮೆ ಇದೇ. ಒಂದರಿಂದ ಪಾರಾಗುವ ಉಪಾಯ ಇನ್ನೊಂದರಿಂದಲೂ ಪಾರುಮಾಡುವುದರಲ್ಲಿ ಆಶ್ಚರ್ಯವಿಲ್ಲ.

ಎಂಜಿಆರ್‌ಬಿ ಎಂಬುದು ಕೇವಲ 47 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನಿನ ವಂಶವಾಹಿ. ಈ ಪ್ರೋಟೀನು ಪಿಎಚ್‌ಒಪಿ-ಪಿಎಚ್‌ಒಕ್ಯು ಎಂಬ ಸಂವೇದನಾ ವ್ಯವಸ್ಥೆಗೆ ಕಡಿವಾಣದಂತೆ ಕೆಲಸ ಮಾಡುತ್ತದೆ. ಆಸ್ಪತ್ರೆಯ ತಳಿಗಳಲ್ಲಿ ಒಂದು ಅಲೆಮಾರಿ ಡಿಎನ್ಎ ತುಣುಕು ಬಂದು ಎಂಜಿಆರ್‌ಬಿಯ ನಡುವೆ ಸೇರಿಕೊಳ್ಳುವುದು, ಇಲ್ಲವೇ ಸಣ್ಣ ಉತ್ಪರಿವರ್ತನೆಯೊಂದು ಅದನ್ನು ಕೆಡಿಸುವುದು ಪದೇಪದೇ ಕಂಡುಬಂದಿದೆ. ಕಡಿವಾಣ ಕಳಚಿದೊಡನೆ ಸಂವೇದನಾ ವ್ಯವಸ್ಥೆ ಸದಾ ಚಾಲೂ ಆಗಿರುತ್ತದೆ. ಲಿಪಿಡ್ ಎ ಭಾಗಕ್ಕೆ ಅಮೈನೋ-ಅರಾಬಿನೋಸ್ ಎಂಬ ಸಕ್ಕರೆ ಸೇರಿ ಋಣಾತ್ಮಕ ವಿದ್ಯುದಂಶ ಕಡಿಮೆಯಾಗುತ್ತದೆ. ಕೊಲಿಸ್ಟಿನ್‌ಗೆ ಅಂಟಿಕೊಳ್ಳಲು ಜಾಗ ಸಿಗುವುದಿಲ್ಲ.

ಔಷಧ ನಿರೋಧಕತೆಗೆ ಬ್ಯಾಕ್ಟೀರಿಯಾ ಬೆಲೆ ತೆರಲೇಬೇಕು, ನಿರೋಧಕ ತಳಿ ಸ್ವಲ್ಪವಾದರೂ ದುರ್ಬಲವಾಗಿರುತ್ತದೆ ಎಂಬ ನಿರೀಕ್ಷೆ ವೈದ್ಯಲೋಕದಲ್ಲಿತ್ತು. ಇದಕ್ಕೆ ಉದಾಹರಣೆಗಳೂ ಇವೆ. ಅಸಿನೆಟೊಬ್ಯಾಕ್ಟರ್ ಬೌಮಾನಿಯಿ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳು ಲಿಪಿಡ್ ಎ ತಯಾರಿಕೆಯನ್ನೇ ನಿಲ್ಲಿಸಿ ಕೊಲಿಸ್ಟಿನ್‌ನಿಂದ ಪಾರಾಗುತ್ತವೆಯಾದರೂ ಬೇರೆ ಔಷಧಗಳಿಗೆ ಸುಲಭವಾಗಿ ಬಲಿಯಾಗುತ್ತವೆ. ಕ್ಲೆಬ್ಸಿಯೆಲ್ಲಾದಲ್ಲಿ ಈ ನಿರೀಕ್ಷೆ ಹುಸಿಯಾಯಿತು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎಂಜಿಆರ್‌ಬಿ ಕೆಟ್ಟ ತಳಿಗಳು ದುರ್ಬಲವಾಗುವುದಿರಲಿ, ಹೆಚ್ಚು ರೋಗಕಾರಕವಾಗಿದ್ದವು. ಅವು ದೇಹದ ಪೆಪ್ಟೈಡ್‌ಗಳನ್ನು ತಡೆದುಕೊಂಡವು. ಬದಲಾದ ಲಿಪಿಡ್ ಎ ದೇಹದ ಎಚ್ಚರಿಕೆಯ ಗಂಟೆಯನ್ನೂ ಸರಿಯಾಗಿ ಬಾರಿಸದ ಕಾರಣ ಸೋಂಕಿನ ಆರಂಭದ ಉರಿಯೂತ ಮಂದವಾಗಿತ್ತು. ಔಷಧವನ್ನು ನಿಲ್ಲಿಸಿದರೆ ನಿರೋಧಕ ತಳಿಗಳು ತಾವಾಗಿಯೇ ಹಿಂದೆ ಸರಿಯುತ್ತವೆ ಎಂಬ ಭರವಸೆಯನ್ನು ಇಂಥ ಸಂದರ್ಭದಲ್ಲಿ ಇಟ್ಟುಕೊಳ್ಳುವಂತಿಲ್ಲ.

ಕೊಲಿಸ್ಟಿನ್ ನಿರೋಧಕತೆಗೆ ಪ್ಲಾಸ್ಮಿಡ್ ಮೂಲಕ ಹರಡುವ ಎಂಸಿಆರ್-1 ಎಂಬ ಇನ್ನೊಂದು ವಂಶವಾಹಿಯೂ ಇದೆ. ಚೀನಾದಲ್ಲಿ ಇದು ಪತ್ತೆಯಾದ ವರದಿ 2015ರಲ್ಲಿ ಬಂತು. ಕೋಳಿ, ಜಾನುವಾರು ಮತ್ತು ಮೀನು ಸಾಕಣೆಯಲ್ಲಿ ಕೊಲಿಸ್ಟಿನ್ ಬಳಕೆಯನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿತು.

ಕವಚದ ಏರಿಳಿತ

ಕವಚ ದಪ್ಪವಾದಷ್ಟೂ ಬ್ಯಾಕ್ಟೀರಿಯಾಕ್ಕೆ ಒಳಿತು ಎನ್ನಲಾಗದು. ಎಸ್‌ಟಿ258 ವಂಶದ ರೋಗಿಮಾದರಿಗಳನ್ನು ಪರಿಶೀಲಿಸಿದ 2020ರ ಅಧ್ಯಯನವು ಎರಡು ವಿರುದ್ಧ ದಿಕ್ಕಿನ ಬದಲಾವಣೆಗಳನ್ನು ಕಂಡಿತು. ಡಬ್ಲ್ಯುಝಡ್‌ಸಿ ವಂಶವಾಹಿಯಲ್ಲಿ ಉತ್ಪರಿವರ್ತನೆಯಾದ ತಳಿಗಳಲ್ಲಿ ಕವಚ ಅತಿಯಾಗಿ ಬೆಳೆದು, ಭಕ್ಷಕ ಕೋಶಗಳು ಅವನ್ನು ನುಂಗಲಾಗುತ್ತಿರಲಿಲ್ಲ. ಇವು ರಕ್ತದ ಸೋಂಕಿಗೆ ಅನುಕೂಲವಾದವು. ಡಬ್ಲ್ಯುಬಿಎಪಿ ಕೆಟ್ಟ ತಳಿಗಳು ಕವಚವನ್ನೇ ಕಳೆದುಕೊಂಡಿದ್ದವು. ಅವು ಮೂತ್ರಕೋಶದ ಒಳಪದರದ ಕೋಶಗಳೊಳಗೆ ನುಗ್ಗಿ, ಔಷಧ ತಲುಪದ ಕಡೆ ಬಹುಕಾಲ ಉಳಿಯಬಲ್ಲವು. ಮೂತ್ರದ ಸೋಂಕು ಮತ್ತೆಮತ್ತೆ ಮರುಕಳಿಸುವುದಕ್ಕೆ ಇದು ಒಂದು ವಿವರಣೆ.

ಎರಡು ಗುಣಗಳ ಸಂಗಮ

ತೈವಾನ್‌ನ ವೈದ್ಯರು 1986ರಲ್ಲಿ ಯಕೃತ್ತಿನ ಬಾವು ಮತ್ತು ಕಣ್ಣಿನ ಸೋಂಕು ಒಟ್ಟಿಗಿದ್ದ ರೋಗಿಗಳನ್ನು ವರದಿ ಮಾಡಿದರು. ಆರೋಗ್ಯವಂತರನ್ನೂ ಬಾಧಿಸುವ ತೀವ್ರ ರೋಗಕಾರಕ ಕ್ಲೆಬ್ಸಿಯೆಲ್ಲಾ ಹೀಗೆ ಗಮನಕ್ಕೆ ಬಂತು. ಆ ತಳಿಗಳು ಸಾಮಾನ್ಯ ಔಷಧಗಳಿಗೆ ಮಣಿಯುತ್ತಿದ್ದವು. ಇತ್ತ ಆಸ್ಪತ್ರೆಯ ಔಷಧನಿರೋಧಕ ತಳಿಗಳು ದುರ್ಬಲರನ್ನು ಮಾತ್ರ ಬಾಧಿಸುತ್ತಿದ್ದವು. ಮೂರು ದಶಕಗಳ ಕಾಲ ಇವೆರಡೂ ಬಹುಮಟ್ಟಿಗೆ ಬೇರೆಬೇರೆ ವಂಶಗಳಾಗಿಯೇ ಉಳಿದವು.

2016ರಲ್ಲಿ ಚೀನಾದ ಹಾಂಗ್‌ಝೌ ನಗರದ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಶಸ್ತ್ರಚಿಕಿತ್ಸೆಗೊಳಗಾಗಿದ್ದ ಐವರು ರೋಗಿಗಳು ಕ್ಲೆಬ್ಸಿಯೆಲ್ಲಾ ಸೋಂಕಿನಿಂದ ಮೃತಪಟ್ಟರು. ಆ ತಳಿ ಎಸ್‌ಟಿ11 ವಂಶದ್ದಾಗಿದ್ದು ಕೆಪಿಸಿ ಕಿಣ್ವವನ್ನು ಹೊಂದಿತ್ತು. ಜೊತೆಗೆ ಆರ್‌ಎಂಪಿಎ ಮಾದರಿಯ ವಂಶವಾಹಿ ಮತ್ತು ಏರೋಬ್ಯಾಕ್ಟಿನ್ ವಂಶವಾಹಿಗಳಿರುವ ಪ್ಲಾಸ್ಮಿಡ್ ಕೂಡ ಅದರಲ್ಲಿ ಸೇರಿಕೊಂಡಿತ್ತು. ಇಲ್ಲಿ ಔಷಧನಿರೋಧಕ ತಳಿಯು ರೋಗಕಾರಕ ಪ್ಲಾಸ್ಮಿಡ್ ಪಡೆಯಿತು. ಇದರ ವಿರುದ್ಧ ದಿಕ್ಕಿನಲ್ಲಿ, ತೀವ್ರ ರೋಗಕಾರಕವಾದ ಎಸ್‌ಟಿ23 ವಂಶವು ಕಾರ್ಬಪೆನೆಮ್ ಒಡೆಯುವ ಕಿಣ್ವಗಳನ್ನು ಪಡೆಯುತ್ತಿರುವುದಾಗಿ ವಿಶ್ವ ಆರೋಗ್ಯ ಸಂಸ್ಥೆ 2024ರ ಜುಲೈನಲ್ಲಿ ಎಚ್ಚರಿಸಿತು. ವರದಿ ಮಾಡಿದ ದೇಶಗಳಲ್ಲಿ ಭಾರತವೂ ಒಂದು.

ಔಷಧಗಳ ಆಯ್ಕೆ ಎಷ್ಟು ಕಿರಿದಾಗಬಹುದೆಂಬುದನ್ನು ಅಮೆರಿಕದ ನೆವಾಡಾ ರಾಜ್ಯದ ಪ್ರಕರಣವೊಂದು ತೋರಿಸಿತು. ಭಾರತದಲ್ಲಿ ತೊಡೆಮೂಳೆ ಮುರಿತಕ್ಕೆ ಚಿಕಿತ್ಸೆ ಪಡೆದು ಮರಳಿದ್ದ ಎಪ್ಪತ್ತರ ಹರೆಯದ ಮಹಿಳೆಯೊಬ್ಬರು 2016ರಲ್ಲಿ ಸೋಂಕಿನಿಂದ ಮೃತಪಟ್ಟರು. ಅವರಲ್ಲಿ ಕಂಡುಬಂದ ಎನ್‌ಡಿಎಂ ಕಿಣ್ವವುಳ್ಳ ಕ್ಲೆಬ್ಸಿಯೆಲ್ಲಾ 26 ಪ್ರತಿಜೈವಿಕಗಳಿಗೆ ಬಗ್ಗಲಿಲ್ಲ.

ಭಾರತದಲ್ಲಿ

ಭಾರತದ ಆಸ್ಪತ್ರೆಗಳಲ್ಲಿ ಎಸ್‌ಟಿ231, ಎಸ್‌ಟಿ147 ಮತ್ತು ಎಸ್‌ಟಿ14 ವಂಶಗಳು ಪ್ರಮುಖವಾಗಿವೆ. ಎಸ್‌ಟಿ231ರಲ್ಲಿ ಓಎಕ್ಸ್ಎ-48ರ ಬಂಧುವಾದ ಓಎಕ್ಸ್ಎ-232 ಕಿಣ್ವ ಸಾಮಾನ್ಯ. ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಕೇಂದ್ರ ಸಂಶೋಧನಾ ಪ್ರಯೋಗಾಲಯವು ಅಂತಾರಾಷ್ಟ್ರೀಯ ಸಹಯೋಗದಲ್ಲಿ ದೇಶದ ವಿವಿಧೆಡೆಯ ಮಾದರಿಗಳ ಜೀನೋಮ್ ಓದುವ ಕೆಲಸ ಮಾಡಿದೆ. ನವಜಾತ ಶಿಶುಗಳ ರಕ್ತದ ಸೋಂಕಿಗೆ ದೇಶದಲ್ಲಿ ಕ್ಲೆಬ್ಸಿಯೆಲ್ಲಾ ಪ್ರಮುಖ ಕಾರಣಗಳಲ್ಲೊಂದು. ಶಿಶುವಿನ ರೋಗನಿರೋಧಕ ವ್ಯವಸ್ಥೆ ಇನ್ನೂ ಬಲಿತಿರುವುದಿಲ್ಲ, ಕೊಡಬಹುದಾದ ಔಷಧಗಳೂ ಕಡಿಮೆ. ಆದ್ದರಿಂದ ಇಲ್ಲಿ ನಿರೋಧಕತೆಯ ಪರಿಣಾಮ ಹೆಚ್ಚು ಘೋರವಾಗಿರುತ್ತದೆ.

ಚಿಕಿತ್ಸೆಯ ಮೇಲಿನ ಪರಿಣಾಮ

ಯಾವ ವಂಶವಾಹಿ ಇದೆ ಎಂಬುದರ ಮೇಲೆ ಔಷಧದ ಆಯ್ಕೆ ನಿಂತಿದೆ. ಸೆಫ್ಟಾಝಿಡಿಮ್-ಅವಿಬ್ಯಾಕ್ಟಮ್ ಸಂಯೋಜನೆ ಕೆಪಿಸಿ ಮತ್ತು ಓಎಕ್ಸ್ಎ-48 ಇರುವ ತಳಿಗಳ ಮೇಲೆ ಕೆಲಸ ಮಾಡುತ್ತದೆ, ಎನ್‌ಡಿಎಂ ಮೇಲೆ ಮಾಡುವುದಿಲ್ಲ. ಅಜ್‌ಟ್ರಿಯೊನಾಮ್ ಔಷಧವನ್ನು ಎನ್‌ಡಿಎಂ ಒಡೆಯಲಾರದು. ಆದರೆ ಜೊತೆಗಿರುವ ಸಿಟಿಎಕ್ಸ್-ಎಂ-15 ಒಡೆಯುತ್ತದೆ. ಆದ್ದರಿಂದ ಅವಿಬ್ಯಾಕ್ಟಮ್ ಮೂಲಕ ಎರಡನೆಯದನ್ನು ತಡೆದು, ಅಜ್‌ಟ್ರಿಯೊನಾಮ್ ಕೊಡುವ ಕ್ರಮ ಬಳಕೆಗೆ ಬಂದಿದೆ.

ಬ್ಯಾಕ್ಟೀರಿಯಾವನ್ನು ನೇರವಾಗಿ ಕೊಲ್ಲದೆ ಅದರ ರಕ್ಷಣೆಯನ್ನು ಕಳಚುವ ಪ್ರಯತ್ನಗಳೂ ನಡೆದಿವೆ. ಕ್ಲೆಬ್ಸಿಯೆಲ್ಲಾವನ್ನು ಬಾಧಿಸುವ ಬ್ಯಾಕ್ಟೀರಿಯೊಫೇಜ್ ವೈರಸ್‌ಗಳಲ್ಲಿ ಅನೇಕವು ಕವಚವನ್ನು ಕರಗಿಸುವ ಕಿಣ್ವ ಹೊಂದಿದ್ದು ಕವಚದ ಮೂಲಕವೇ ಒಳಬರುತ್ತವೆ. ಅವುಗಳಿಂದ ಪಾರಾಗಲು ಬ್ಯಾಕ್ಟೀರಿಯಾ ಅನೇಕ ವೇಳೆ ಕವಚವನ್ನೇ ತೊರೆಯುತ್ತದೆ, ಆಗ ಕಾಂಪ್ಲಿಮೆಂಟ್ ಮತ್ತು ಬಿಳಿ ರಕ್ತಕಣಗಳ ಕೈಗೆ ಸಿಗುತ್ತದೆ. ಒಂದು ಫೇಜ್ ಸಾಮಾನ್ಯವಾಗಿ ಒಂದೆರಡು ಕವಚ ಮಾದರಿಗಳನ್ನಷ್ಟೇ ಗುರುತಿಸುವುದರಿಂದ, ರೋಗಿಯ ತಳಿಗೆ ಹೊಂದುವ ಫೇಜನ್ನು ಸಕಾಲದಲ್ಲಿ ಹುಡುಕುವುದೇ ಈ ಚಿಕಿತ್ಸೆಯ ದೊಡ್ಡ ತೊಡಕು. ಕವಚ ಮತ್ತು ಒ-ಆಂಟಿಜನ್ ಆಧರಿಸಿದ ಲಸಿಕೆಗಳು ಇನ್ನೂ ಅಭಿವೃದ್ಧಿಯ ಹಂತದಲ್ಲಿವೆ. ಗರ್ಭಿಣಿಯರಿಗೆ ಲಸಿಕೆ ನೀಡಿ ಶಿಶುವಿಗೆ ರಕ್ಷಣೆ ಒದಗಿಸುವುದು ಅವುಗಳ ಒಂದು ಉದ್ದೇಶವಾಗಿದೆ.